ಕಿವಿ ಮಂದವಾದ ರೈತರಿಗೆ ನಾಲ್ಕು ಮಾತು

ಬೀಜ, ಗೊಬ್ಬರ, ಔಷಧಿಯ ಮಾತು ಬಿಟ್ಟು ಕೃಷಿ ಇಲಾಖೆಯವನು ಕಿವಿಯ ಮಾತು ಯಾಕೆ ತೆಗೆದ ಎಂದು ನೀವು ಕೇಳಬಹುದು. ಕಾರಣವಿದೆ, ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಹರಿಹರದ ಕಡೆ ಭದ್ರಾ ನಾಲೆಯ ನೀರಿನಲ್ಲಿ ಎರಡು ಎಕರೆ ಭತ್ತ ಬೆಳೆಯುವ ಯಜಮಾನರೊಬ್ಬರಿದ್ದಾರೆ. ಈಗ ವಾಸ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ, ಮಗಳ ಮನೆಯಲ್ಲಿ. ವರ್ಷಾನುಗಟ್ಟಲೆ ಒಕ್ಕುವ ಯಂತ್ರದ ಪಕ್ಕದಲ್ಲಿ ನಿಂತು ದುಡಿದವರು. ಒಂದು ದಿನ ಗದ್ದೆಯ ಬದುವಿನ ಮೇಲೆ ನಿಂತು, "ಲೀಟರು ನೀರಿಗೆ ಎರಡು ಮಿಲಿ ಔಷಧಿ ಹಾಕಿ, ಯಜಮಾನರೆ" ಎಂದೆ. "ಹೂಂ, ಆಯ್ತಪ್ಪ" ಎಂದು ತಲೆಯಾಡಿಸಿದರು. ಅವರ ಕಿವಿಗೆ ಬಿದ್ದದ್ದು ಏಳು ಮಿಲಿ! ವಾರದೊಳಗೆ ಪೈರಿನ ಗರಿ ಸುಟ್ಟ ಹಾಗಾಯಿತು. ತಪ್ಪು ಅವರದಲ್ಲ. ಕೇಳಿಸಿತೇ ಎಂದು ವಿಚಾರಿಸದೆ, ಚೀಟಿ ಬರೆದುಕೊಡದೆ ಬಂದವನು ನಾನು.

ಆಮೇಲೆ ತಿಳಿಯಿತು, ಅವರು ಅಂಗವಿಕಲರ ಪ್ರಮಾಣಪತ್ರಕ್ಕೂ ಒಂದು ಸಲ ಹೋಗಿ ಬಂದಿದ್ದರು. ಕಿವಿಯ ಲೆಕ್ಕ ಶೇಕಡಾ 30 ಬಂದಿತ್ತು. ಬೇಕಾದದ್ದು 40. "ನಮ್ಮ ಹಣೇಲಿ ಬರೆದಿಲ್ಲ ಬಿಡಪ್ಪ" ಎಂದು ಕಾಗದವನ್ನು ಟ್ರಂಕಿನಲ್ಲಿ ಹಾಕಿದ್ದರು. ಆದರೆ ಸಕ್ಕರೆ ಕಾಯಿಲೆಯಿಂದ ಅವರ ಎಡಗಾಲಿನ ಬೆರಳುಗಳನ್ನೆಲ್ಲ ತೆಗೆದಿದ್ದರು. ಅದನ್ನು ಅಲ್ಲಿ ಹೇಳಲಿಲ್ಲವೇ ಎಂದು ಕೇಳಿದೆ. "ಕಿವಿಗೂ ಕಾಲಿಗೂ ಏನು ಸಂಬಂಧ?" ಎಂದರು.

ಸಂಬಂಧ ಇದೆ, ಬಾಂಧವರೆ. ಇಂದಿನ ನನ್ನ ಮಾತಿನ ತಿರುಳೇ ಅದು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಒಬ್ಬರಿಗೇ ಎರಡು ಮೂರು ಇದ್ದರೆ ಎಲ್ಲವನ್ನೂ ಕೂಡಿಸಿ ನೋಡುತ್ತಾರೆ. ಆದರೆ ಸಂತೆಯ ಲೆಕ್ಕದಂತೆ 30ಕ್ಕೆ 20 ಸೇರಿಸಿ 50 ಎನ್ನುವುದಿಲ್ಲ. ದೊಡ್ಡ ಅಂಕಿಯನ್ನು 90ರಲ್ಲಿ ಕಳೆಯಬೇಕು. ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸಬೇಕು. ಕಿವಿಗೆ 30, ಕಾಲಿಗೆ 20 ಎಂದಿಟ್ಟುಕೊಳ್ಳಿ. 90ರಲ್ಲಿ 30 ಕಳೆದರೆ 60. ಅರವತ್ತನ್ನು ಇಪ್ಪತ್ತರಿಂದ ಗುಣಿಸಿದರೆ 1,200. ಅದನ್ನು 90ರಿಂದ ಭಾಗಿಸಿದರೆ 13 ಚಿಲ್ಲರೆ. ಒಟ್ಟು 43. ಗೆರೆ ದಾಟಿತಲ್ಲವೆ? ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ.

ಆದರೆ ಎಲ್ಲ ಕಾಯಿಲೆಯೂ ಈ ಲೆಕ್ಕಕ್ಕೆ ಬರುವುದಿಲ್ಲ. ಬರೀ ಸಕ್ಕರೆ ಕಾಯಿಲೆ, ಬರೀ ರಕ್ತದೊತ್ತಡ ಆ 21ರಲ್ಲಿ ಇಲ್ಲ. ಅವುಗಳಿಂದ ಕಣ್ಣು ಮಂಜಾಗಿದ್ದರೆ, ಕಾಲು ಹೋಗಿದ್ದರೆ, ಲಕ್ವ ಹೊಡೆದು ಕೈ ಬಿದ್ದಿದ್ದರೆ, ಆ ಊನವನ್ನು ಅಳೆದು ನೋಡುತ್ತಾರೆ. ಕಿವಿಯ ವಿಷಯದಲ್ಲಿ ಇನ್ನೊಂದು ಮಾತು: ಚೆನ್ನಾಗಿ ಕೇಳುವ ಕಿವಿಗೆ ಐದು ಪಾಲು, ಕೆಟ್ಟ ಕಿವಿಗೆ ಒಂದೇ ಪಾಲು ತೂಕ. ಒಂದು ಕಿವಿ ಪೂರ್ತಿ ಹೋಗಿ ಇನ್ನೊಂದು ಸರಿಯಾಗಿದ್ದರೆ, ಅದೊಂದರಿಂದಲೇ 40 ಆಗದು.

ಇನ್ನು ಅರ್ಜಿ ಹಾಕುವ ಬಗೆ. ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ನಿಮಗೆ ಬಾರದಿದ್ದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಪಟ್ಟಣದಲ್ಲಿ ನಗರ ಪುನರ್ವಸತಿ ಕಾರ್ಯಕರ್ತರಿದ್ದಾರೆ. ದಾವಣಗೆರೆಯ ಜಿಲ್ಲಾ ಆಸ್ಪತ್ರೆಯೆಂದರೆ ಚಿಗಟೇರಿ ಆಸ್ಪತ್ರೆ. ಪರೀಕ್ಷೆಗೆ ಹೋಗುವಾಗ ಆಧಾರ್ ಕಾರ್ಡು, ಫೋಟೋ, ಹಿಂದಿನ ಕಿವಿ ಪರೀಕ್ಷೆಯ ನಕ್ಷೆ, ಆಪರೇಷನ್ ಆದ ಕಾಗದ, ಕಣ್ಣಿನ ಚೀಟಿ ಎಲ್ಲವೂ ಒಂದೇ ಚೀಲದಲ್ಲಿರಲಿ. ಇರುವ ಊನಗಳನ್ನೆಲ್ಲ ಅರ್ಜಿಯಲ್ಲೇ ಬರೆಸಿ. ಕಿವಿಯಲ್ಲಿ ಗುಗ್ಗೆ ಕಟ್ಟಿದ್ದರೆ ಮೊದಲೇ ವೈದ್ಯರಿಂದ ತೆಗೆಸಿಕೊಳ್ಳಿ. ಪರೀಕ್ಷೆಯಲ್ಲಿ ಕೇಳಿಸಿದ್ದನ್ನು ಕೇಳಿಸಿತು ಎನ್ನಿ, ಇಲ್ಲದ್ದನ್ನು ಇಲ್ಲ ಎನ್ನಿ. ನಾಚಿಕೆಯಿಂದ ತಲೆಯಾಡಿಸಿದರೆ ನಷ್ಟ ನಿಮ್ಮದೇ.

ಜೊತೆಗೆ ಕಿವಿ ಕೇಳುವವರೊಬ್ಬರು ಇರಲೇಬೇಕು. ನಮ್ಮ ಯಜಮಾನರು ಒಂದು ಕಚೇರಿಯ ಸಾಲಿನಲ್ಲಿ ಮಧ್ಯಾಹ್ನದವರೆಗೆ ಕೂತಿದ್ದರಂತೆ. ಹೆಸರು ಮೂರು ಸಲ ಕೂಗಿದ್ದು ಅವರಿಗೆ ಕೇಳಿಸಲೇ ಇಲ್ಲ. ಕಿವುಡೆಂದು ಅರ್ಜಿ ಹಾಕಿದವರನ್ನು ಕೂಗಿ ಕರೆದರೆ ಹೇಗೆ? "ನನಗೆ ಕೇಳಿಸದು, ಕೈಸನ್ನೆ ಮಾಡಿ" ಎಂಬ ಚೀಟಿಯನ್ನು ಮೊದಲೇ ಕೊಟ್ಟುಬಿಡಿ.

40 ಬಂದರೆ ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಬಹುದು. ಕುಟುಂಬದ ಆದಾಯಕ್ಕೆ ಮಿತಿಯುಂಟು. 2021ರ ಜುಲೈಯಲ್ಲಿ ಈ ಮೊತ್ತವನ್ನು 600ರಿಂದ 800 ರೂಪಾಯಿಗೆ ಏರಿಸಿದರು; ಶೇಕಡಾ 75 ದಾಟಿದವರಿಗೆ ಇದಕ್ಕಿಂತ ಹೆಚ್ಚು. ಈಗಿನ ದರವನ್ನು ಅಲ್ಲೇ ಕೇಳಿ. ಬಡವರಿಗೆ ಶ್ರವಣಯಂತ್ರ ಕೊಡಿಸುವ ಕೇಂದ್ರ ಯೋಜನೆಯೂ ಇದೆ. ಪ್ರಮಾಣಪತ್ರ ಇಲ್ಲವೆಂದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಮೇಲ್ಮನವಿಗೆ ಕಾಯಿದೆಯ 59ನೇ ಕಲಮು ದಾರಿ ಕೊಟ್ಟಿದೆ.

ಯಜಮಾನರು ಮಗಳನ್ನು ಕರೆದುಕೊಂಡು, ಕಾಲಿನ ಕಾಗದವನ್ನೂ ಹಿಡಿದು ಎರಡನೆಯ ಸಲ ಹೋದರು. ಕಾರ್ಡು ಬಂತು. ನಾನೂ ಪಾಠ ಕಲಿತೆ. ಈಗ ಔಷಧಿಯ ಅಳತೆಯನ್ನು ಬರೆದೇ ಕೊಡುತ್ತೇನೆ.

ಕೊನೆಯದಾಗಿ ಒಂದು ವಿನಂತಿ. ಈ ಭಾಷಣ ಯಾರಿಗೆ ಬೇಕೋ ಅವರಿಗೇ ಇದು ಕೇಳಿಸದು. ಆದ್ದರಿಂದ ಕೇಳಿದವರು, ಓದಿದವರು ನಿಮ್ಮ ಮನೆಯ ಹಿರಿಯರ ಎದುರಿಗೆ ಕೂತು, ಮುಖ ನೋಡಿ, ನಿಧಾನವಾಗಿ ಇದನ್ನು ತಿಳಿಸಿ. ಅವರು "ಹೂಂ" ಎಂದರೆ ಅಷ್ಟಕ್ಕೇ ಬಿಡಬೇಡಿ. ಏನು ಕೇಳಿಸಿತು ಎಂದು ಮತ್ತೊಮ್ಮೆ ಕೇಳಿ.