ಕೊರಳಲ್ಲಿ ದೊರೆಯ ಮುಖ

ಸೇವೆ ಸಲ್ಲಿಸಿದವನಿಗೆ ಅರಸ ಏನು ಕೊಡಬೇಕು? ಭೂಮಿ, ಕುದುರೆ, ಹಣ ಕೊಡುವುದು ಎಲ್ಲ ಕಾಲದ ವಾಡಿಕೆ. ಪುನರುಜ್ಜೀವನ ಕಾಲದ ಯೂರೋಪಿನ ಅರಸರು ಇವುಗಳ ಜೊತೆಗೆ ತಮ್ಮ ಮುಖವನ್ನೂ ಕೊಡತೊಡಗಿದರು.

ಇದರ ಮೂಲ ಇಟಲಿಯಲ್ಲಿದೆ. 1438ರ ಸುಮಾರಿಗೆ ಚಿತ್ರಕಾರ ಪಿಸಾನೆಲ್ಲೊ ಬೈಜಾಂಟಿಯಂ ಚಕ್ರವರ್ತಿ ಎಂಟನೆಯ ಜಾನನ ಮುಖವಿರುವ ಪದಕವೊಂದನ್ನು ರೂಪಿಸಿದ. ನೋಡಲು ಹಳೆಯ ರೋಮನ್ ನಾಣ್ಯದಂತಿದ್ದರೂ ಅದು ಪೇಟೆಯಲ್ಲಿ ಓಡುವ ಹಣವಲ್ಲ. ಕೈಯಲ್ಲಿ ಹಿಡಿದು ನೋಡಿ, ಜೋಪಾನವಾಗಿ ಇಟ್ಟುಕೊಳ್ಳುವ ನೆನಪು.

16ನೆಯ ಶತಮಾನ ಮುಗಿಯುವ ಹೊತ್ತಿಗೆ ಜರ್ಮನ್ ಆಸ್ಥಾನಗಳಲ್ಲಿ ಪದಕವೇ ಒಡವೆಯಾಯಿತು. ನಡುವೆ ಚಿನ್ನದಲ್ಲಿ ದೊರೆಯ ಮುಖ, ಸುತ್ತ ಬಣ್ಣದ ಮೀನಾ ಕೆಲಸ, ಕೆಳಗೆ ತೂಗುವ ಮುತ್ತು, ಮೇಲೆ ಸರಪಳಿ. ಇದಕ್ಕೆ ‘ಗ್ನಾಡೆನ್‌ಫೆನಿಗ್’ ಎಂದು ಹೆಸರು. ಅಂದರೆ ‘ಕೃಪೆಯ ಕಾಸು’. ಉಂಬಳಿ ಕೊಟ್ಟರೆ ಬೊಕ್ಕಸಕ್ಕೆ ಬರುವ ಕಂದಾಯ ತಪ್ಪುತ್ತದೆ. ಈ ಕಾಸಿಗೆ ತಗಲುವುದು ಒಂದು ಹಿಡಿ ಚಿನ್ನ ಮಾತ್ರ. ಧರಿಸಿದವನು ಹೋದಲ್ಲೆಲ್ಲ ತಾನು ಯಾರ ಕಡೆಯವನೆಂದು ಸಾರುತ್ತಿದ್ದ.

ಇಂಗ್ಲೆಂಡಿನಲ್ಲಿ ಪದಕದ ಸ್ಥಾನವನ್ನು ಅನೇಕ ಬಾರಿ ಪುಟ್ಟ ವರ್ಣಚಿತ್ರ ಪಡೆಯಿತು. ಅಲ್ಲಿಯ ದೊರೆ ಒಂದನೆಯ ಜೇಮ್ಸ್ ಸ್ಕಾಟ್ಲೆಂಡಿನಿಂದ ಬಂದವನು. ಥಾಮಸ್ ಲೈಟ್ ಎಂಬಾತ ಅವನ ವಂಶವನ್ನು ಐತಿಹ್ಯದ ಟ್ರಾಯ್ ವೀರ ಬ್ರೂಟಸನವರೆಗೆ ಒಯ್ದು ವಂಶವೃಕ್ಷ ಬರೆದುಕೊಟ್ಟ. ಚರಿತ್ರೆಯ ದೃಷ್ಟಿಯಿಂದ ಅದು ಕಟ್ಟುಕಥೆ. ಆದರೆ ಅರಸನಿಗೆ ಬೇಕಾದ ಕಥೆ. 1610ರಲ್ಲಿ ಲೈಟನಿಗೆ ದೊರೆಯ ಚಿತ್ರವಿದ್ದ ವಜ್ರದ ಒಡವೆ ಸಿಕ್ಕಿತು. ಮರುವರ್ಷ ಅವನು ಅದನ್ನು ಧರಿಸಿ ತನ್ನ ಚಿತ್ರ ಬರೆಸಿಕೊಂಡ. ಒಡವೆ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಇದೇ ಜೇಮ್ಸನ ರಾಯಭಾರಿಯಾಗಿ ಸರ್ ಥಾಮಸ್ ರೋ ಮೊಗಲ್ ದರಬಾರಿಗೆ ಬಂದ. 1616ರಲ್ಲಿ ಅಜ್ಮೀರಿನಲ್ಲಿ ಜಹಾಂಗೀರ್ ಅವನಿಗೆ ಚಿನ್ನದ ಸರದಲ್ಲಿ ತೂಗುವ, ಮುತ್ತು ಇಳಿಬಿಟ್ಟ ತನ್ನ ಚಿತ್ರವನ್ನು ಕೊಡಿಸಿದ. ಬಾದಶಹ ತಾನೇ ಕೊಟ್ಟವರ ಹೊರತು ಯಾರೂ ಅದನ್ನು ಧರಿಸುವಂತಿರಲಿಲ್ಲ. ನೆಲಕ್ಕೆ ಹಣೆ ಮುಟ್ಟಿಸಿ ವಂದಿಸಬೇಕೆಂದು ಕೆಲವು ಅಧಿಕಾರಿಗಳು ಬಯಸಿದರೂ ಬಾದಶಹ ಅದನ್ನು ಒತ್ತಾಯಿಸಲಿಲ್ಲ. ಆದರೂ ಒಬ್ಬ ರಾಜನ ಪ್ರತಿನಿಧಿಯ ಕೊರಳಿಗೆ ಇನ್ನೊಬ್ಬನ ಮುಖ ಬಿದ್ದಿತ್ತು. ಅದು ಗೌರವವೋ ಅಧೀನತೆಯೋ? ಎರಡೂ ಹೌದು. ಈ ಕೊಡುಗೆಯ ಬಲವೇ ಅದು.

ಕಷ್ಟಕಾಲದಲ್ಲಿ ಇಂಥ ಪದಕಗಳನ್ನು ಕರಗಿಸಿದವರೂ ಇದ್ದರು. ಕೊಟ್ಟ ದೊರೆ ಕಣ್ಮರೆಯಾದ ಮೇಲೆ ಅವನ ಕೃಪೆಗೆ ಬೆಲೆಯಿಲ್ಲ. ಚಿನ್ನಕ್ಕೆ ಮಾತ್ರ ಇತ್ತು.