ಒಂದೇ ಮನೆ, ಒಂದೇ ಸೊಳ್ಳೆ: ಆನೆಕಾಲು ಒಬ್ಬರಿಗೇ ಏಕೆ?

(ಸುಲೇಪೇಟದಲ್ಲಿ ನಡೆದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ವಂಶವಾಹಿಗಳು ಮತ್ತು ರೋಗನಿರೋಧಕ ಶಕ್ತಿ ಎಂಬುದು ನನಗೆ ಕೊಟ್ಟಿರುವ ವಿಷಯ. ಹೆಸರು ದೊಡ್ಡದು. ನಾನು ಮಾತ್ರ ನಮ್ಮ ಓಣಿಯ ಇಬ್ಬರು ಅಣ್ಣತಮ್ಮಂದಿರಿಂದ ಆರಂಭಿಸುತ್ತೇನೆ. ಇಬ್ಬರೂ ಒಂದೇ ಮನೆಯಲ್ಲಿ ಹುಟ್ಟಿ, ಬೇಸಿಗೆಯಲ್ಲಿ ಒಂದೇ ಅಂಗಳದಲ್ಲಿ ಮಲಗಿ ಬೆಳೆದವರು. ಮೂವತ್ತು ದಾಟುವ ಹೊತ್ತಿಗೆ ಅಣ್ಣನ ಬಲಗಾಲು ಬಾತು ಆನೆಕಾಲಾಯಿತು. ನಮ್ಮ ಮನೆಮಾತಿನಲ್ಲಿ ಅದು ಹಾಥಿಪಾಂವ್. ತಮ್ಮನಿಗೆ ಏನೂ ಆಗಲಿಲ್ಲ. ಮುಂದೆ ಅಣ್ಣನ ಮಗಳಿಗೆ ಬಂದ ಸಂಬಂಧವೊಂದು "ಅದು ಖಾನದಾನಿ ಬೇನೆ" ಎಂಬ ಒಂದೇ ಮಾತಿಗೆ ಮುರಿದುಬಿತ್ತು. ಆ ಮಾತಿನಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂಬುದೇ ಇಂದಿನ ನನ್ನ ಮಾತು.

ಆನೆಕಾಲು ಬರುವುದು ವುಚೆರೇರಿಯಾ ಎಂಬ ದಾರದಂಥ ಹುಳುವಿನಿಂದ. ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತದೆ. (ನಮ್ಮ ಸೀಮೆಯ ಶಹಾಬಾದಿ ಕಲ್ಲು ದೂರದೂರಿನ ಮನೆಗಳ ನೆಲಕ್ಕೆ ಹೋಗುತ್ತದೆ, ನಮ್ಮ ಚರಂಡಿಗಳನ್ನು ಮುಚ್ಚಲು ಮಾತ್ರ ಸಿಗುವುದಿಲ್ಲ!) ಬೆಳೆದ ಹುಳು ದುಗ್ಧನಾಳಗಳಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಅದರ ಮರಿಗಳು ರಾತ್ರಿ ಹೊತ್ತು ರಕ್ತದಲ್ಲಿ ತೇಲುತ್ತವೆ. ಆದ್ದರಿಂದಲೇ ಆರೋಗ್ಯ ಇಲಾಖೆಯವರು ರಾತ್ರಿ ಬಂದು ಬೆರಳು ಚುಚ್ಚಿ ರಕ್ತ ತೆಗೆದುಕೊಳ್ಳುತ್ತಾರೆ.

ಹುಳು ಒಂದೇ ಆದರೂ ದೇಹಗಳು ಒಂದೇ ಅಲ್ಲ. ನಮ್ಮ ಆರನೆಯ ವರ್ಣತಂತುವಿನ ಮೇಲೆ ಎಚ್.ಎಲ್.ಎ. ಎಂಬ ವಂಶವಾಹಿಗಳ ಗುಂಪಿದೆ. ಒಳಗೆ ನುಗ್ಗಿದ ಜೀವಿಯ ಚೂರುಗಳನ್ನು ಎತ್ತಿ ಹಿಡಿದು, "ಇವನು ನಮ್ಮವನಲ್ಲ" ಎಂದು ರಕ್ಷಕ ಕಣಗಳಿಗೆ ತೋರಿಸುವ ಕೆಲಸ ಅವುಗಳದು. ಈ ಗುಂಪು ಒಡಹುಟ್ಟಿದವರಲ್ಲೂ ಬೇರೆಬೇರೆಯಾಗಿರಬಹುದು. ಕಾಲಾ ಅಜಾರ್ ರೋಗಕ್ಕೆ ಯಾರು ಬೇಗ ತುತ್ತಾಗುತ್ತಾರೆ ಎಂಬುದರಲ್ಲಿ ಇದೇ ಗುಂಪಿನ ಪಾತ್ರವಿದೆಯೆಂದು ಭಾರತ ಮತ್ತು ಬ್ರೆಜಿಲ್‌ನ ರೋಗಿಗಳ ಅಧ್ಯಯನ 2013ರಲ್ಲಿ ತೋರಿಸಿತು. ಫೈಲೇರಿಯಾದ ವಿಷಯದಲ್ಲಿ ಚಿತ್ರ ಇಷ್ಟು ಸ್ಪಷ್ಟವಿಲ್ಲ. ಮರಿಹುಳುವಿನ ಹೊದಿಕೆಯಲ್ಲಿ ಕೈಟಿನ್ ಎಂಬ ವಸ್ತುವಿದೆ. ಅದನ್ನು ಒಡೆಯುವ ಕಿಣ್ವದ ವಂಶವಾಹಿ ದುರ್ಬಲವಾಗಿದ್ದವರಿಗೆ ಸೋಂಕು ಹೆಚ್ಚು ಎಂದು 2001ರಲ್ಲಿ ದಕ್ಷಿಣ ಭಾರತದ ಅಧ್ಯಯನವೊಂದು ಹೇಳಿತು. ಎರಡೇ ವರ್ಷದಲ್ಲಿ ಪಪುವಾ ನ್ಯೂಗಿನಿಯ ಜನರಲ್ಲಿ ಹುಡುಕಿದವರಿಗೆ ಅಂಥ ಸಂಬಂಧ ಕಾಣಲಿಲ್ಲ. ವಿದ್ಯಾರ್ಥಿಗಳು ಇದನ್ನು ವಿಜ್ಞಾನದ ಸೋಲೆಂದು ತಿಳಿಯಬಾರದು. ವಿಜ್ಞಾನ ನಡೆಯುವುದೇ ಹೀಗೆ.

ಒಂದೇ ಕುಟುಂಬದಲ್ಲಿ ಹಲವರಿಗೆ ಬಂದರೆ ಅದೆಲ್ಲ ವಂಶವಾಹಿಯ ಕೆಲಸವೂ ಅಲ್ಲ. ಕುಟುಂಬದವರು ಚರಂಡಿಯನ್ನೂ ಹಂಚಿಕೊಂಡಿರುತ್ತಾರೆ. ಇನ್ನೊಂದು ಸೂಕ್ಷ್ಮವೂ ಇದೆ. ಗರ್ಭಿಣಿಗೆ ಸೋಂಕಿದ್ದರೆ, ಹುಟ್ಟುವ ಮಗುವಿನ ದೇಹ ಗರ್ಭದಲ್ಲಿಯೇ ಆ ಹುಳುವನ್ನು ಸಹಿಸಿಕೊಳ್ಳಲು ಕಲಿತಿರಬಹುದು. ತಂದೆಯಿಂದ ಮಕ್ಕಳಿಗೆ ಆನೆಕಾಲು ಇಳಿದು ಬರುವುದಿಲ್ಲ. ಬಂದರೆ ಬರುವುದು ಸ್ವಲ್ಪ ಹೆಚ್ಚು ಅಥವಾ ಸ್ವಲ್ಪ ಕಡಿಮೆ ತಡೆಯುವ ಶಕ್ತಿ, ಅಷ್ಟೆ. ಸೊಳ್ಳೆ ಹುಳುವನ್ನು ತಾರದಿದ್ದರೆ ಯಾವ ವಂಶವಾಹಿಯೂ ಈ ರೋಗವನ್ನು ತರಲಾರದು. ಆ ಹುಡುಗಿಯ ವಿಷಯದಲ್ಲಿ ನಾನು ಇದನ್ನೇ ಹೇಳಬೇಕೆಂದಿದ್ದೆ. ನನ್ನ ಮಾತು ತಲುಪುವ ಮೊದಲೇ ಅವರು ಬೇರೆ ಕಡೆ ನಿಶ್ಚಯ ಮಾಡಿಕೊಂಡಿದ್ದರು.

ಈಗ ತಮ್ಮನ ಕಥೆ. ಹುಳುವಿನೊಂದಿಗೆ ಜೋರಾಗಿ ಹೋರಾಡುವ ದೇಹದಲ್ಲಿ ಆ ಹೋರಾಟದಿಂದಲೇ ನಾಳಗಳು ಹಾಳಾಗಿ ಕಾಲು ಬಾಯಬಹುದು. ಅಂಥವರ ರಕ್ತದಲ್ಲಿ ಸಾಮಾನ್ಯವಾಗಿ ಮರಿಹುಳುಗಳೇ ಸಿಗುವುದಿಲ್ಲ. ಹುಳುವಿನೊಂದಿಗೆ ರಾಜಿಯಾದ ದೇಹ ಹೊರಗೆ ಚೆನ್ನಾಗಿರುತ್ತದೆ, ಒಳಗೆ ಮರಿಹುಳುಗಳು ತುಂಬಿರುತ್ತವೆ. ಊರೆಲ್ಲ ದೂರವಿಟ್ಟದ್ದು ಅಣ್ಣನನ್ನು. ಸೊಳ್ಳೆಗೆ ಹುಳು ಸಿಗುತ್ತಿದ್ದದ್ದು ತಮ್ಮನಿಂದ! ರಾತ್ರಿ ತೆಗೆದ ರಕ್ತದಲ್ಲಿ ಅದು ಗೊತ್ತಾಯಿತು.

2004ರಿಂದ ದೇಶದ ಪೀಡಿತ ಜಿಲ್ಲೆಗಳಲ್ಲಿ ಸಾಮೂಹಿಕವಾಗಿ ಮಾತ್ರೆ ನುಂಗಿಸುವ ಕಾರ್ಯಕ್ರಮ ನಡೆಯುತ್ತ ಬಂದಿದೆ. ಮೊದಲು ನಮ್ಮ ಜಿಲ್ಲೆಯಲ್ಲೇ ಇದ್ದ ಯಾದಗಿರಿಯಲ್ಲಿ, ಹಳೆಯ ಡಿ.ಇ.ಸಿ. ಮತ್ತು ಆಲ್ಬೆಂಡಜೋಲ್ ಜೊತೆಗೆ ಐವರ್‌ಮೆಕ್ಟಿನ್ ಸೇರಿಸಿ ಸಮುದಾಯದಲ್ಲಿ ಪರೀಕ್ಷೆ ನಡೆಯಿತು. ಮೂರು ಮಾತ್ರೆಗಳ ಪದ್ಧತಿ ಸುರಕ್ಷಿತವೆಂದೂ ಮರಿಹುಳುಗಳನ್ನು ಹೆಚ್ಚು ಚೆನ್ನಾಗಿ ತೆಗೆಯುತ್ತದೆಂದೂ ಕಂಡುಬಂತು. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆಯವರು ನುಂಗಬಾರದು. ಈಗಾಗಲೇ ಬಾತ ಕಾಲು ಮಾತ್ರೆಯಿಂದ ಇಳಿಯುವುದಿಲ್ಲ. ಅದಕ್ಕೆ ದಿನವೂ ಸಾಬೂನಿನಿಂದ ತೊಳೆದು, ಒರೆಸಿ ಒಣಗಿಸಿ, ಮಲಗುವಾಗ ಎತ್ತರಕ್ಕೆ ಇಟ್ಟುಕೊಳ್ಳುವ ಆರೈಕೆ ಬೇಕು.

"ನನಗೇನಾಗಿದೆ ಅಂತ ಮಾತ್ರೆ?" ಎಂದು ಆ ತಮ್ಮ ಹಲವು ವರ್ಷ ಮಾತ್ರೆಯನ್ನು ಕೈಯಲ್ಲಿ ತೆಗೆದುಕೊಂಡು, ಆಶಾ ಕಾರ್ಯಕರ್ತೆ ಹೊರಟ ಮೇಲೆ ಎಸೆಯುತ್ತಿದ್ದ. ರಕ್ತದ ವರದಿ ಬಂದ ಮೇಲೆ ಅಣ್ಣನೇ ಎದುರಿಗೆ ಕುಳಿತು ನುಂಗಿಸಿದ. ಅಂದು ರಾತ್ರಿ ತಮ್ಮನಿಗೆ ಜ್ವರ, ತಲೆಸುತ್ತು. ಮನೆಯವರು ಗಾಬರಿಯಾಗಿ ನನ್ನ ಬಾಗಿಲು ಬಡಿದರು. ಹುಳುಗಳು ಸಾಯುವಾಗ ಹೀಗಾಗುತ್ತದೆ, ಒಂದೆರಡು ದಿನದಲ್ಲಿ ಇಳಿಯುತ್ತದೆ ಎಂದೆ. ಮೂರನೆಯ ದಿನ ಅವನು ಅಂಗಡಿ ತೆರೆದಿದ್ದ.