ಸೆರಗಿನ ಮೇಲಿನ ತೇರು



ದೇವರ ಚಿತ್ರವಿರುವ ಬಟ್ಟೆ ಎಂದ ಕೂಡಲೆ ಒಡಿಶಾದ ಪಟಚಿತ್ರ, ನಾಥದ್ವಾರದ ಪಿಛವಾಯಿ, ಶ್ರೀಕಾಳಹಸ್ತಿಯ ಕಲಂಕಾರಿ ನೆನಪಾಗುತ್ತವೆ. ಬಾಗಲಕೋಟೆ ಸೀಮೆಯ ಹೆಸರನ್ನು ಯಾರೂ ಎತ್ತುವುದಿಲ್ಲ. ಎತ್ತಬೇಕೆಂಬುದು ನನ್ನ ವಾದ. ಪುರಿಯಲ್ಲಿ ಸ್ನಾನಪೂರ್ಣಿಮೆಯ ನಂತರ ಮೂರ್ತಿಗಳು ಮರೆಯಲ್ಲಿರುವಾಗ ಬಟ್ಟೆಯ ಮೇಲಿನ ಚಿತ್ರಕ್ಕೇ ಪೂಜೆ. ನಾಥದ್ವಾರದಲ್ಲಿ ಬಟ್ಟೆ ಶ್ರೀನಾಥಜಿಯ ಬೆನ್ನ ಹಿಂದೆ ತೂಗುತ್ತದೆ. ಅಲ್ಲಿ ಭಕ್ತರು ಬಟ್ಟೆಯೆದುರು ಕೈಮುಗಿದು ನಿಲ್ಲುತ್ತಾರೆ. ಇಳಕಲ್ಲ, ಗುಳೇದಗುಡ್ಡದ ಕಡೆ ಅದನ್ನೇ ಉಡುತ್ತಾರೆ, ತೊಡುತ್ತಾರೆ. ಬಣ್ಣದ ಕೆಲಸ ಬಾರದ್ದಕ್ಕೆ ಹೀಗಾಯಿತು ಎನ್ನುವಂತಿಲ್ಲ. ಚಾಲುಕ್ಯ ಒಂದನೆಯ ಕೀರ್ತಿವರ್ಮನ ಕಾಲದಲ್ಲಿ, ಕ್ರಿ.ಶ. 578ರಲ್ಲಿ, ಅವನ ತಮ್ಮ ಮಂಗಳೇಶ ಮುಗಿಸಿದ, ಇದೇ ಸೀಮೆಯ ಬಾದಾಮಿಯ ಮೂರನೆಯ ಗುಹೆಯ ಮುಂಚಾಚಿನ ಒಳಮೈಯಲ್ಲಿ ಚಿತ್ರಗಳ ತುಣುಕು ಇಂದಿಗೂ ಉಳಿದಿದೆ.

ಇಳಕಲ್ಲ ಸೀರೆಯ ಕೆಂಪು ಸೆರಗಿನ ಬಳಿ ಕಸೂತಿ ನೋಡಿ: ಗೋಪುರ, ತೇರು, ಅಂಬಾರಿ ಹೊತ್ತ ಆನೆ, ನಂದಿ, ತುಳಸಿಕಟ್ಟೆ. ದೊಡ್ಡವು ಸೆರಗಿನ ಹತ್ತಿರ, ದೂರ ಸರಿದಂತೆ ಸಣ್ಣವು. ಗೆರೆ ಬರೆದುಕೊಂಡು ಹೊಲಿಯುವ ಪದ್ಧತಿ ಇಲ್ಲ. ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗವಂತಿ ಎಂಬ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕಿ, ಬರುವಾಗ ಬಿಟ್ಟ ಜಾಗ ತುಂಬುತ್ತಾರೆ. ಗಂಟಿಲ್ಲ. ಲೆಕ್ಕದಲ್ಲಿ ಒಂದೆಳೆ ತಪ್ಪಿದರೆ ಕಳಸ ಓರೆಯಾಯಿತೆಂದೇ ತಿಳಿಯಿರಿ. ಪುಣೆಯಲ್ಲಿ ಮರಾಠಿಗರೂ ಮೆಚ್ಚಿ ತೊಡುವ ಗುಳೇದಗುಡ್ಡದ ರವಿಕೆಯ ಖಣದಲ್ಲಂತೂ ತೇರು, ಸೂರ್ಯನಾರಾಯಣ, ಸಿದ್ಧೇಶ್ವರ ಮುಕುಟ ಮಗ್ಗದಲ್ಲೇ ಮೂಡುತ್ತವೆ.

ಇದು ಬರೀ ಅಲಂಕಾರ, ಗಿಳಿ ನವಿಲು ತೊಟ್ಟಿಲು ಕೂಡ ಇವೆಯಲ್ಲ ಎಂದು ಕೇಳಬಹುದು. ಗಿಳಿ, ನವಿಲು ಗುಡಿಯ ಕಂಬದ ಮೇಲೂ ಇವೆ. ಅದರಿಂದ ಗುಡಿ ಗುಡಿಯಾಗದೆ ಹೋಗುವುದಿಲ್ಲ. ಬಟ್ಟೆ ಯಾವ ಕೆಲಸಕ್ಕೆ ಬರುತ್ತದೆ ಎಂಬುದೇ ನಿಜವಾದ ಸಾಕ್ಷಿ. ದೇವಿಗೆ ಉಡಿ ತುಂಬುವಾಗ ಇಡುವುದು ಇದೇ ಖಣ, ಮನೆಮಗಳ ಉಡಿಗೂ ಅದೇ. ಕಥೆ ಇಲ್ಲವಲ್ಲ ಎಂಬ ಆಕ್ಷೇಪ ಮಾತ್ರ ನಿಜ: ಕಲಂಕಾರಿ ರಾಮಾಯಣವನ್ನೇ ಹೇಳುತ್ತದೆ, ಸೆರಗು ಹೇಳುವುದಿಲ್ಲ. ನಮ್ಮ ಕಡೆ ಆ ಕೆಲಸ ಶ್ರೀಕೃಷ್ಣ ಪಾರಿಜಾತದಂಥ ಆಟಗಳ ಪಾಲಿಗಿದೆ. ಸೆರಗು ಹಿಡಿದಿಡುವುದು ಜಾತ್ರೆಯನ್ನು. ಬನಶಂಕರಿಯ ತೇರು ನೋಡಲು ನಿಂತವಳ ಕಣ್ಣಿಗೆ ಏನೇನು ಬೀಳುತ್ತದೋ ಅದನ್ನು. ಮೂರನೆಯ ಆಕ್ಷೇಪ ಇನ್ನೂ ಗಟ್ಟಿ. ಕೂಡಲಸಂಗಮ ಇರುವುದೂ ಇದೇ ಸೀಮೆಯಲ್ಲಿ. ಗುಡಿಗಿಂತ ಇಷ್ಟಲಿಂಗ ದೊಡ್ಡದೆಂದ ಶರಣರ ನೆಲದಲ್ಲಿ ಸೆರಗಿಗೆ ಗೋಪುರವೇಕೆ? ನೇರ ಉತ್ತರ ನನ್ನಲ್ಲಿಲ್ಲ. ಆದರೆ ದೇವರನ್ನು ಮೈಮೇಲೆ ಧರಿಸಿ ಹೊಲಕ್ಕೂ ಸಂತೆಗೂ ಹೋಗುವುದು ಇಲ್ಲಿ ಯಾರಿಗೂ ವಿಚಿತ್ರವಲ್ಲ. ಶರಣರು ಸಿದ್ಧಾಂತದಿಂದ ಮುಟ್ಟಿದ ಕಡೆಗೇ ಸೂಜಿ ಹಿಡಿದವರು ಬೇರೆ ದಾರಿಯಿಂದ ಬಂದಿದ್ದಾರೆ.

ಈಗ ಕಸೂತಿಯ ಗೋಪುರವನ್ನು ಪಾಲಿಯೆಸ್ಟರ್ ಮೇಲೆ ಅಚ್ಚು ಹಾಕಿ ಮಾರುತ್ತಾರೆ. ಅಗ್ಗದ ಸೀರೆ ಬೇಕಾದವರನ್ನು ನಾನು ಜರಿಯಲಾರೆ. ಅದನ್ನು ಕಸೂತಿ ಎಂದು ಕರೆಯುವುದಕ್ಕಷ್ಟೇ ನನ್ನ ತಕರಾರು. ಅಂಗಡಿಯಲ್ಲಿ ಸೀರೆಯನ್ನು ತಿರುವಿ ನೋಡಿ: ಗವಂತಿಯದಾದರೆ ಗೋಪುರ ಒಳಬದಿಗೂ ಹಾಗೆಯೇ ಇರುತ್ತದೆ.